ಹಳೆಯ ಸೈಕಲ್ಲಿಗೆ ಹೊಸ ಫೋರ್ಕ್: ಅಳತೆ ಮೊದಲು, ಆಸೆ ಆಮೇಲೆ

ಹಳೆಯ 26 ಇಂಚಿನ ಮೌಂಟನ್ ಬೈಕಿನ ಸಸ್ಪೆನ್ಶನ್ ಫೋರ್ಕ್ ಹಾಳಾದರೆ ನಮ್ಮ ಕಣ್ಣು ಹೆಚ್ಚು ಟ್ರಾವೆಲ್ ಇರುವುದರ ಮೇಲೇ ಬೀಳುತ್ತದೆ. ಅದು ತಪ್ಪು ಅನ್ನುತ್ತೇನೆ. 80 ಮಿ.ಮೀ. ಫೋರ್ಕಿಗೆಂದೇ ಮಾಡಿದ ಫ್ರೇಮಿಗೆ 120 ಮಿ.ಮೀ. ಹಾಕಿದರೆ ಮುಂಭಾಗ ಎತ್ತರವಾಗಿ ಏರಿನಲ್ಲಿ ಹ್ಯಾಂಡಲ್ ಅಲೆದಾಡುತ್ತದೆ. ಹೆಡ್ ಟ್ಯೂಬಿನ ಬೆಸುಗೆಗೂ ಹೊರೆ ಹೆಚ್ಚುತ್ತದೆ. ಇಳಿಜಾರಿನಲ್ಲಿ ಅದು ಬಿರುಕು ಬಿಟ್ಟರೆ ಹೋಗುವುದು ದುಡ್ಡು ಮಾತ್ರವಲ್ಲ.

ಕೊಳ್ಳುವ ಮೊದಲು ಟೇಪು ಹಿಡಿಯಿರಿ. ನಿಮ್ಮ ಸ್ಟೀರರ್ ನೇರವಾದ 1⅛ ಇಂಚಿನದಾದರೆ, ಕೆಳಗೆ 1.5 ಇಂಚಿಗೆ ದಪ್ಪವಾಗುವ ಈಗಿನ ಫೋರ್ಕುಗಳು ಸಾಮಾನ್ಯವಾಗಿ ಕೂರುವುದಿಲ್ಲ. ಹಳೆಯ ಚಕ್ರದ ಹಬ್ಬಿಗೆ ಆಕ್ಸಲ್ ಹೊಂದುತ್ತದೆಯೇ, ವಿ-ಬ್ರೇಕಿಗೆ ಜಾಗವಿದೆಯೇ ನೋಡಿ. ಸೆಕೆಂಡ್‌ಹ್ಯಾಂಡ್ ಆದರೆ ಸ್ಟೀರರನ್ನು ಗಿಡ್ಡವಾಗಿ ಕತ್ತರಿಸಿರಬಹುದು, ಅದನ್ನೂ ಅಳೆಯಿರಿ.

ಕೈಯಲ್ಲಿ ದುಡ್ಡು ಕಡಿಮೆಯೇ? ಭಾರದ ಅಗ್ಗದ ಸ್ಪ್ರಿಂಗ್ ಫೋರ್ಕಿಗಿಂತ ಅದೇ ಎತ್ತರದ ಸಾದಾ ಉಕ್ಕಿನ ಫೋರ್ಕೇ ಲೇಸು. ನೋಡುವವರಿಗೆ ಸಪ್ಪೆ ಅನ್ನಿಸಬಹುದು, ಆದರೆ ಸೈಕಲ್ ತುಳಿಯುವವರು ನಾವಲ್ಲವೇ?