ತರಗತಿಯ ಮೌನ

ಪುಣೆ ವಿದ್ಯಾನಗರಿಯೆಂಬ ಖ್ಯಾತಿಗೆ ಕನ್ನಡಿಗರ ಪಾಲೂ ಸೇರಿದೆ. 1885ರಲ್ಲಿ ಸ್ಥಾಪಿತವಾದ ಫರ್ಗ್ಯುಸನ್ ಕಾಲೇಜಿಗೆ ಧಾರವಾಡದಿಂದ ಬಂದ ದ. ರಾ. ಬೇಂದ್ರೆಯವರು 1918ರಲ್ಲಿ ಅಲ್ಲಿಂದಲೇ ಬಿ.ಎ. ಪದವೀಧರರಾದರು. ಮುಂದೆ ವಿ. ಕೃ. ಗೋಕಾಕರು ಅಲ್ಲಿ ಇಂಗ್ಲಿಷ್ ಬೋಧಿಸಿದರು. 1949ರಲ್ಲಿ ವಿಶ್ವವಿದ್ಯಾಲಯವೂ ಆರಂಭವಾಯಿತು. ಅಂದಿನಿಂದ ಕಾಲೇಜುಗಳು ಬೆಳೆದಿವೆ, ವಿದ್ಯಾರ್ಥಿಗಳು ಹೆಚ್ಚಿದ್ದಾರೆ. ಅದೇ ಪ್ರಮಾಣದಲ್ಲಿ ಕಲಿಕೆಯೂ ಹೆಚ್ಚಿದೆಯೇ ಎಂಬುದು ವಿಚಾರಾರ್ಹ ಸಂಗತಿ.

ಯಾವುದೇ ವಾಣಿಜ್ಯ ತರಗತಿಯನ್ನು ಹೊಕ್ಕು ನೋಡಬಹುದು. ಅಧ್ಯಾಪಕರು ಟಿಪ್ಪಣಿ ಹೇಳುತ್ತಾರೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. "ತಿಳಿಯಿತೇ?" ಎಂಬ ಪ್ರಶ್ನೆಗೆ ಉತ್ತರ ಮೌನ. ಆ ಮೌನವನ್ನೇ ಸಮ್ಮತಿಯೆಂದು ಭಾವಿಸಿ ಪಾಠ ಮುಂದುವರಿಯುತ್ತದೆ. ತಿಳಿಯಲಿಲ್ಲವೆಂಬ ಸತ್ಯ ಪರೀಕ್ಷೆಯಲ್ಲಿ ಹೊರಬೀಳುವಷ್ಟರಲ್ಲಿ ಕಾಲ ಮೀರಿರುತ್ತದೆ. ಬ್ಯಾಂಕಿನ ನಗದು ಗುಮಾಸ್ತನು ಪ್ರತಿದಿನವೂ ಹಣ ತಾಳೆ ನೋಡದೆ ಮನೆಗೆ ಹೋಗುವಂತಿಲ್ಲ. ವರ್ಷಾಂತ್ಯದವರೆಗೆ ಕಾದರೆ ತಪ್ಪು ಎಲ್ಲಿ ನಡೆಯಿತೆಂಬುದೇ ತಿಳಿಯದು. ಕಲಿಕೆಗೆ ಮಾತ್ರ ಈ ನಿಯಮ ಬೇಡವೇ?

ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜು ಸೇರಿದ ಹುಡುಗನ ಮೌನ ಇನ್ನೂ ಆಳವಾದುದು. ಅವನ ತಂದೆಯದು ಚಿಕ್ಕ ಉಡುಪಿ ಹೋಟೆಲು ಎಂದಿಟ್ಟುಕೊಳ್ಳೋಣ. ಹಿಟ್ಟು ರುಬ್ಬುವ ಯಂತ್ರ ವರ್ಷವರ್ಷಕ್ಕೂ ಸವೆಯುವುದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಆದರೂ 'ಡಿಪ್ರಿಸಿಯೇಶನ್' ಎಂಬ ಪದದ ಮುಂದೆ ಮೂಕನಾಗುತ್ತಾನೆ. ಅವನಿಗೆ ಕೊರತೆಯಿರುವುದು ಬುದ್ಧಿಯದಲ್ಲ. ತಾನು ಬಲ್ಲದ್ದಕ್ಕೂ ಪುಸ್ತಕದ ಮಾತಿಗೂ ನಡುವಿನ ಸೇತುವೆಯದು.

ಆ ಸೇತುವೆಗೆ ಹೆಚ್ಚಿನ ಖರ್ಚು ಬೇಕಿಲ್ಲ. ಅಧ್ಯಾಪಕರು ಇಪ್ಪತ್ತು ನಿಮಿಷ ಪಾಠ ಹೇಳಿ ಒಂದು ಪ್ರಶ್ನೆ ಹಾಕಲಿ: 50,000 ರೂಪಾಯಿಯ ಯಂತ್ರ ಹತ್ತು ವರ್ಷ ಬಾಳುತ್ತದೆ, ಕೊನೆಗೆ ಅದರ ಬೆಲೆ ಶೂನ್ಯ, ಹಣವೆಲ್ಲ ಈಗಲೇ ಕೊಟ್ಟಾಗಿದ್ದರೂ ಈ ವರ್ಷದ ಖರ್ಚು 5,000 ಮಾತ್ರವೇಕೆ? ಪ್ರತಿಯೊಬ್ಬರೂ ಮೊದಲು ತಮ್ಮ ಉತ್ತರ ಬರೆಯಲಿ. ಅನಂತರ ಪಕ್ಕದವರೊಡನೆ ಕನ್ನಡದಲ್ಲೋ ಮರಾಠಿಯಲ್ಲೋ ಎರಡು ನಿಮಿಷ ವಾದಿಸಿ, ಮತ್ತೊಮ್ಮೆ ಬರೆಯಲಿ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಲ್ಲಿ ಆರಂಭಿಸಿದ ಕ್ರಮದ ಸಾರ ಇದೇ. ವಿಜ್ಞಾನ, ಇಂಜಿನಿಯರಿಂಗ್ ಮತ್ತು ಗಣಿತದ ತರಗತಿಗಳನ್ನು ಕುರಿತ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಅಮೆರಿಕದ ವಿದ್ವಾಂಸರು ಒಂದು ವರದಿ ಪ್ರಕಟಿಸಿದರು. ಬರಿಯ ಉಪನ್ಯಾಸ ಕೇಳಿದವರಲ್ಲಿ ಸರಾಸರಿ ನೂರಕ್ಕೆ 34 ಮಂದಿ ಅನುತ್ತೀರ್ಣರಾದರೆ, ತರಗತಿಯಲ್ಲೇ ಪ್ರಶ್ನೆ, ಚರ್ಚೆಗಳಲ್ಲಿ ತೊಡಗಿದವರಲ್ಲಿ ಆ ಸಂಖ್ಯೆ 22. ವಾಣಿಜ್ಯ ತರಗತಿಗೆ ಇದೇ ಅಂಕಿ ಅನ್ವಯಿಸದಿರಬಹುದು. ಆದರೆ ದಿಕ್ಕು ಸ್ಪಷ್ಟವಾಗಿದೆ.

"ಹೀಗೆ ಮಾಡಿದರೆ ಪಠ್ಯ ಮುಗಿಯದು" ಎಂಬ ಆಕ್ಷೇಪ ಸಹಜ. ಅಧ್ಯಾಪಕರ ಪಾಲಿಗೆ ಮುಗಿದ ಪಠ್ಯ ವಿದ್ಯಾರ್ಥಿಯ ಪಾಲಿಗೆ ಆರಂಭವೇ ಆಗಿರದಿದ್ದರೆ ಯಾರಿಗೆ ಲಾಭ? ಹಾಗೆಂದು ದೋಷವನ್ನೆಲ್ಲ ಅಧ್ಯಾಪಕರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ತಾಸಿನ ಲೆಕ್ಕದಲ್ಲಿ ಸಂಬಳ ಪಡೆದು, ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಓಡುವವರಿಂದ ಪ್ರಯೋಗಶೀಲತೆಯನ್ನು ನಿರೀಕ್ಷಿಸುವವರು ಅವರಿಗೆ ಭದ್ರತೆಯನ್ನೂ ಒದಗಿಸಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಉನ್ನತ ಶಿಕ್ಷಣದಲ್ಲಿಯೂ ಮಾತೃಭಾಷೆಗೆ ಸ್ಥಾನ ಬೇಕೆಂದಿದೆ. ಅದು ಪೂರ್ಣವಾಗಿ ಆಚರಣೆಗೆ ಬರುವವರೆಗೆ ಪುಣೆಯ ಕನ್ನಡಿಗರು ಕೈಕಟ್ಟಿ ಕೂರಬೇಕಿಲ್ಲ. ಲೆಕ್ಕಪತ್ರ, ಕಾನೂನು, ವಿಜ್ಞಾನಗಳನ್ನು ಬಲ್ಲ ಹಿರಿಯರು, ನಿವೃತ್ತರು ನಮ್ಮ ಸಮಾಜದಲ್ಲಿ ಅನೇಕರಿದ್ದಾರೆ. ಭಾನುವಾರ ಎರಡು ತಾಸು ಮೊದಲ ವರ್ಷದ ವಿದ್ಯಾರ್ಥಿಗಳೊಡನೆ ಕುಳಿತು, ಪುನಃ ಉಪನ್ಯಾಸ ಕೊಡದೆ, ಅವರಿಂದಲೇ ಕನ್ನಡದಲ್ಲಿ ವಿವರಣೆ ಕೇಳಿದರೆ ಸಾಕು. ಮಾತೃಭಾಷೆಯಲ್ಲಿ ಒಮ್ಮೆ ಬಾಯಿಬಿಟ್ಟ ಹುಡುಗ ಸೋಮವಾರ ತರಗತಿಯಲ್ಲಿಯೂ ಕೈಯೆತ್ತುವ ಧೈರ್ಯ ಮಾಡುತ್ತಾನೆ.