ವಿಮಾನ ಚಾಲಕನಿಗೆ ನೆಗಡಿ ಬಂದರೆ

ಕಚೇರಿಯ ಗುಮಾಸ್ತರಿಗೆ ನೆಗಡಿಯಾದರೆ ಮೇಜಿನ ಮೇಲಿನ ಕಡತ ಒಂದು ದಿನ ತಡವಾಗಿ ಮುಂದೆ ಸರಿಯುತ್ತದೆ, ಲೋಕವೇನೂ ಮುಳುಗಿಹೋಗುವುದಿಲ್ಲ. ಮೂಗು ಒರೆಸಿಕೊಳ್ಳುತ್ತಲೇ ಕೆಲಸಕ್ಕೆ ಬಂದವರನ್ನು ಮೇಲಧಿಕಾರಿಗಳು ಕರ್ತವ್ಯನಿಷ್ಠರೆಂದು ಹೊಗಳುವುದೂ ಉಂಟು. ವಿಮಾನ ಚಾಲಕನಲ್ಲಿ ಮಾತ್ರ ಈ ನಿಷ್ಠೆಯೇ ಅಪಾಯ. ವಿಮಾನ ಕೆಳಗಿಳಿಯುವಾಗ ಒಳಗಿನ ಗಾಳಿಯ ಒತ್ತಡ ಏರುತ್ತದೆ. ಮೂಗಿಗೂ ಕಿವಿಗೂ ನಡುವಣ ನಾಳ ನೆಗಡಿಯಿಂದ ಕಟ್ಟಿಕೊಂಡಿದ್ದರೆ ಕಿವಿಯ ತಮಟೆಯಲ್ಲಿ ತಡೆಯಲಾರದ ನೋವು, ಕೆಲವೊಮ್ಮೆ ತಲೆಸುತ್ತು. ನೆಗಡಿಗೆಂದು ನುಂಗುವ ಮಾತ್ರೆಗಳಲ್ಲಿಯೂ ಹಲವು ನಿದ್ರೆ ತರುವಂಥವು.

ಆರೋಗ್ಯ ಕುಂದಿದೆಯೆಂದು ತಿಳಿದ ಚಾಲಕ ವಿಮಾನ ನಡೆಸಕೂಡದೆಂಬುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮ. ಆದರೆ ಹಾಸಿಗೆಯಲ್ಲಿ ಕಳೆದ ದಿನದ ಸಂಬಳ ಕೊಡುವವರು ಯಾರು? ಈ ಪ್ರಶ್ನೆಗೆ ದೇಶಕ್ಕೊಂದು ಉತ್ತರ.

ಜರ್ಮನಿಯಲ್ಲಿ ಇದು ಕಾನೂನಿನ ಮಾತು. ಕಾಹಿಲೆ ಬಿದ್ದ ನೌಕರನಿಗೆ ಆರು ವಾರಗಳವರೆಗೆ ಮಾಲೀಕನೇ ಪೂರ್ಣ ಸಂಬಳ ಕೊಡಬೇಕು. ಆ ಮೇಲೆ ಸಾಮಾನ್ಯವಾಗಿ ಆರೋಗ್ಯವಿಮೆಯಿಂದ ಒಂದು ಪಾಲು ಬರುತ್ತದೆ.

ಅಮೆರಿಕದ ದಾರಿಯೇ ಬೇರೆ. ಖಾಸಗಿ ನೌಕರರೆಲ್ಲರಿಗೂ ಸಂಬಳಸಹಿತ ಕಾಹಿಲೆ ರಜೆ ಕೊಡಿಸುವ, ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಅಲ್ಲಿಲ್ಲ. ಚಾಲಕರ ಸಂಘ ಕಂಪೆನಿಯೊಡನೆ ಮಾಡಿಕೊಂಡ ಒಪ್ಪಂದವೇ ಶಾಸನ. ರಜೆಯನ್ನು ಗಂಟೆಗಳಲ್ಲಿ ಎಣಿಸುವುದು ವಾಡಿಕೆ. ತಿಂಗಳು ತಿಂಗಳೂ ಕೆಲವು ಗಂಟೆಗಳು ಖಾತೆಗೆ ಜಮೆಯಾಗುತ್ತವೆ. ಹಾರಾಟ ತಪ್ಪಿದಾಗ ಅದರಿಂದ ಖರ್ಚು ಬೀಳುತ್ತವೆ. ಅಂಚೆ ಕಚೇರಿಯ ಉಳಿತಾಯ ಖಾತೆಯಿದ್ದಂತೆ! ಹಳಬನ ಗಂಟು ದೊಡ್ಡದು. ಹೊಸಬ ಮೊದಲ ವರ್ಷವೇ ಹಾಸಿಗೆ ಹಿಡಿದರೆ ಗಂಟು ಬೇಗ ಕರಗುತ್ತದೆ. ಕೆಲಸವನ್ನು ಉಳಿಸಿಕೊಡುವ 1993ರ ರಜೆ ಕಾನೂನೊಂದುಂಟು. ಆದರೆ ಆ ರಜೆಗೆ ಸಂಬಳವಿಲ್ಲ.

ನಮ್ಮಲ್ಲಿ ಚಾಲಕನ ಹಾರಾಟ, ವಿಶ್ರಾಂತಿಗಳ ಗಂಟೆಗಳನ್ನು ಸರಕಾರ ಗೊತ್ತುಮಾಡುತ್ತದೆ. 2024ರ ನಿಯಮಗಳು ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48ಕ್ಕೆ ಏರಿಸಿದವು. ಕಾಹಿಲೆ ರಜೆಯಾದರೋ ಕಂಪೆನಿಯ ಕರಾರಿಗೆ ಬಿಟ್ಟ ಸಂಗತಿ. ಸಂಬಳದ ಒಂದು ದೊಡ್ಡ ಪಾಲು ಹಾರಿದ ಗಂಟೆಗಳ ಭತ್ಯವಾದ್ದರಿಂದ ರಜೆ ಸಿಕ್ಕಿದರೂ ಕೈಗೆ ಬರುವ ಹಣ ಇಳಿಯಬಹುದು. ಮೇಲಾಗಿ, 2009ರಲ್ಲಿ ಜೆಟ್ ಏರ್‌ವೇಸಿನ ಚಾಲಕರೂ 2012ರಲ್ಲಿ ಏರ್ ಇಂಡಿಯಾದ ಚಾಲಕರೂ ಗುಂಪಾಗಿ ಕಾಹಿಲೆ ರಜೆ ಹಾಕಿ ಅದನ್ನು ಮುಷ್ಕರದ ಆಯುಧವಾಗಿ ಮಾಡಿಕೊಂಡರು. ಇಂಥದರಿಂದ ನಿಜವಾಗಿ ಜ್ವರ ಬಂದವನ ಮೇಲೂ ಸಂಶಯದ ಕಣ್ಣು ಬೀಳುತ್ತದೆ.

ಹಾಗಾದರೆ ಜರ್ಮನಿಯ ಏರ್ಪಾಡೇ ಉತ್ತಮವೆ? ಅವಸರ ಬೇಡ. 2015ರ ಮಾರ್ಚ್ 24ರಂದು ಬಾರ್ಸಿಲೋನಾದಿಂದ ಡ್ಯುಸೆಲ್ಡಾರ್ಫಿಗೆ ಹೊರಟ ಜರ್ಮನ್‌ವಿಂಗ್ಸ್ ವಿಮಾನವನ್ನು ಅದರ ಸಹಚಾಲಕನೇ ಫ್ರಾನ್ಸಿನ ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿದ. 150 ಜನ ಮಡಿದರು. ಮನೋವ್ಯಾಧಿಯಿಂದ ನರಳುತ್ತಿದ್ದ ಅವನಿಗೆ ವೈದ್ಯರು ರಜೆಯ ಚೀಟಿ ಬರೆದುಕೊಟ್ಟಿದ್ದರು. ಅವನು ಅದನ್ನು ಕಂಪೆನಿಗೆ ತಿಳಿಸಲೇ ಇಲ್ಲ. ಹಾರುವ ಹಕ್ಕು ಕಳೆದುಕೊಳ್ಳುವ ಭಯವನ್ನೂ, ಆ ನಷ್ಟವನ್ನು ತುಂಬಿಕೊಡುವ ವಿಮೆಯಿಲ್ಲದ್ದನ್ನೂ 2016ರ ಫ್ರೆಂಚ್ ತನಿಖೆಯ ವರದಿ ಸಂಭಾವ್ಯ ಕಾರಣಗಳಲ್ಲಿ ಎಣಿಸಿತು. ಆರು ವಾರಗಳ ಸಂಬಳ ಜ್ವರಕ್ಕೆ ಮದ್ದಾದೀತು. ಜೀವನೋಪಾಯವೇ ಹೋದೀತೆಂಬ ಅಂಜಿಕೆಗೆ ಅದು ಮದ್ದಲ್ಲ.

ನಮ್ಮ ಬೆಂಗಳೂರಿನಲ್ಲಿಯೇ 1957ರಲ್ಲಿ ವಾಯುಪಡೆ ಆರಂಭಿಸಿದ ವೈಮಾನಿಕ ವೈದ್ಯಕೀಯ ಸಂಸ್ಥೆಯೊಂದಿದೆ. ನಾಗರಿಕ ಚಾಲಕರೂ ಅಲ್ಲಿ ಪರೀಕ್ಷೆಗೆ ಬರುತ್ತಾರೆ. ಆದರೆ ಯಾವ ವೈದ್ಯನೂ ನಿತ್ಯ ಬೆಳಗ್ಗೆ ಚಾಲಕನ ಮನಸ್ಸನ್ನು ಹೊಕ್ಕು ನೋಡಲಾರ. ‘ನನಗೆ ಈ ದಿನ ಆಗದು’ ಎಂದು ಅವನೇ ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳಿದವನ ಅನ್ನಕ್ಕೆ ಎಲ್ಲಿ ಕೊರತೆಯಾಗದೋ ಅಲ್ಲಿನ ರಜೆಯ ನಿಯಮವೇ ಮೇಲು. ದಿನಗಳ ಲೆಕ್ಕ ಆ ಬಳಿಕದ್ದು.

ಮುಂದೊಮ್ಮೆ ನಿಲ್ದಾಣದಲ್ಲಿ ‘ಚಾಲಕರ ಅಸ್ವಸ್ಥತೆಯಿಂದ ವಿಮಾನ ತಡ’ವೆಂಬ ಪ್ರಕಟಣೆ ಕಿವಿಗೆ ಬಿದ್ದರೆ ಗೊಣಗಬೇಡಿ. ಮಕ್ಕಳಿಗೆ ತಿಂಡಿ ಕೊಡಿಸಿ, ನೆಮ್ಮದಿಯಾಗಿ ಕುಳಿತುಕೊಳ್ಳಿ.