ಔಷಧವು ಹಡಗೇರಿದರೆ ಸಾಲದು

ಕುರಕುಂಭ: ಪುಣೆ–ಸೊಲ್ಲಾಪುರ ಹೆದ್ದಾರಿಯಲ್ಲಿ, ದೌಂಡಿನ ಸಮೀಪದಲ್ಲಿರುವ ಈ ಊರು ಒಂದು ಕಾಲದಲ್ಲಿ ಫಿರಂಗಾಯಿ ದೇವಿಯ ಗುಡಿಯಿಂದ ಪ್ರಸಿದ್ಧವಾಗಿದ್ದಿತು. ಇಂದು ಇದು ರಾಸಾಯನಿಕ ಮತ್ತು ಔಷಧ ಕಾರ್ಖಾನೆಗಳ ಊರು. ಪಾಳಿ ಮುಗಿಸಿ ಬಂದ ಕಾರ್ಮಿಕನ ಮುಂದೆ ಚಹಾ ಇಡುವ ಮಾಣಿಗಾಗಲಿ, ಲಾರಿಗೇರುವ ಸರಕಿನ ಲೆಕ್ಕ ಬರೆಯುವ ಗುಮಾಸ್ತನಿಗಾಗಲಿ, ಆಫ್ರಿಕಾ ಖಂಡವು ಭೂಪಟದಲ್ಲಿ ಕಂಡ ಒಂದು ಬಣ್ಣವೆಂದು ತೋರುವುದು ಸಹಜ. ಆದರೆ ಆ ಖಂಡದ ಬದುಕಿಗೂ ಇಲ್ಲಿಯ ದುಡಿಮೆಗೂ ಇರುವ ನಂಟು ನಾವು ಎಣಿಸುವುದಕ್ಕಿಂತ ಹತ್ತಿರದ್ದು.

ಇಲ್ಲಿ ಕಾರ್ಖಾನೆಯನ್ನು ಹೊಂದಿರುವ ಸಿಪ್ಲಾ ಕಂಪನಿಯ ಮುಖ್ಯಸ್ಥರಾಗಿದ್ದ ಯೂಸುಫ್ ಹಮೀದ್ ಅವರು 2001ರಲ್ಲಿ ಜಗತ್ತೇ ಬೆರಗಾಗುವಂಥ ಒಂದು ಘೋಷಣೆಯನ್ನು ಮಾಡಿದರು. ಏಡ್ಸ್ ರೋಗಿಯೊಬ್ಬನ ಒಂದು ವರ್ಷದ ಔಷಧಕ್ಕೆ ಪಾಶ್ಚಾತ್ಯ ಕಂಪನಿಗಳು 10,000 ಡಾಲರಿಗಿಂತ ಹೆಚ್ಚು ಬೆಲೆ ಕೇಳುತ್ತಿದ್ದ ಕಾಲವದು. ಅದನ್ನೇ 350 ಡಾಲರಿಗೆ, ಎಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ, ಸೇವಾಸಂಸ್ಥೆಗಳಿಗೆ ಒದಗಿಸುವೆವೆಂದು ಅವರು ಮುಂದೆ ಬಂದರು. ಅಂದಿನಿಂದ ಭಾರತದ ಔಷಧಗಳು ಆಫ್ರಿಕದ ಲಕ್ಷಾಂತರ ಜನರ ಪ್ರಾಣವನ್ನು ಹಿಡಿದು ನಿಲ್ಲಿಸಿವೆ. 2003ರಲ್ಲಿ ಅಮೆರಿಕವು ಆರಂಭಿಸಿದ ಏಡ್ಸ್ ಪರಿಹಾರ ಯೋಜನೆಯು ಇದಕ್ಕೆ ಹಣದ ಬಲವನ್ನು ಕೂಡಿಸಿತು.

ಹೀಗಿರಲು, 2025ರ ಜನವರಿಯಲ್ಲಿ ಅಮೆರಿಕದ ಹೊಸ ಸರಕಾರವು ವಿದೇಶೀ ನೆರವನ್ನು ಒಮ್ಮೆಲೇ ತಡೆಹಿಡಿಯಿತು. 1961ರಿಂದ ನಡೆದುಬಂದಿದ್ದ ಅದರ ನೆರವಿನ ಸಂಸ್ಥೆಯೇ 2025ರ ಜುಲೈ 1ರಂದು ಬಾಗಿಲು ಹಾಕಿತು. ಇದರ ಪರಿಣಾಮವನ್ನು ದಕ್ಷಿಣ ಆಫ್ರಿಕದಲ್ಲಿ ನೋಡಬೇಕು. ಆ ದೇಶವು ಏಡ್ಸ್ ಔಷಧದ ಬಹುಭಾಗವನ್ನು ತನ್ನ ಬೊಕ್ಕಸದ ಹಣದಿಂದಲೇ ಕೊಳ್ಳುತ್ತದೆ. ಆದುದರಿಂದ ಗುಳಿಗೆಗಳು ನಿಲ್ಲಲಿಲ್ಲ. ನಿಂತದ್ದು ಅವುಗಳನ್ನು ತಲುಪಿಸುತ್ತಿದ್ದ ಕೈಗಳು. ಮನೆಮನೆಗೆ ಹೋಗಿ ರಕ್ತಪರೀಕ್ಷೆಗೆ ಒಪ್ಪಿಸುತ್ತಿದ್ದವರು, ಔಷಧ ಬಿಟ್ಟವರನ್ನು ಹುಡುಕಿ ಕರೆತರುತ್ತಿದ್ದವರು, ದವಾಖಾನೆಯ ದಾಖಲೆ ಬರೆಯುತ್ತಿದ್ದವರು, ಹೀಗೆ ಸುಮಾರು 8,000 ಮಂದಿ ಕೆಲಸ ಕಳೆದುಕೊಂಡರು. ಏಡ್ಸ್ ಔಷಧವು ದಿನವೂ ತಪ್ಪದೆ ಜೀವಮಾನವಿಡೀ ಸೇವಿಸತಕ್ಕದ್ದು. ನಡುವೆ ಬಿಟ್ಟರೆ ರೋಗವು ಮತ್ತೆ ತಲೆಯೆತ್ತುವುದು. ಕೆಲವು ವೇಳೆ ಆ ಔಷಧಕ್ಕೇ ಮಣಿಯದಂತಾಗುವುದು. ಪೆಟ್ಟಿಗೆಗಳು ಬಂದರಿನಲ್ಲಿ ಇಳಿದ ಮಾತ್ರಕ್ಕೆ ರೋಗಿ ಬದುಕುವುದಿಲ್ಲ.

ಆಫ್ರಿಕಕ್ಕೆ ನೆರವು ನೀಡಲು ಸ್ವಯಂಸೇವಕರನ್ನು ತರಬೇತುಗೊಳಿಸಬೇಕೆಂಬ ಮಾತು ಈಗ ಮತ್ತೊಮ್ಮೆ ಕೇಳಿಬರುತ್ತಿರುವುದು ಈ ಹಿನ್ನೆಲೆಯಲ್ಲಿ. ಮಾತು ಒಳ್ಳೆಯದೇ. ಆದರೆ ಯಾರಿಗೆ ತರಬೇತು, ಯಾತರಲ್ಲಿ ತರಬೇತು ಎಂಬುದನ್ನು ಇತ್ಯರ್ಥ ಮಾಡದೆ ಹೊರಡುವ ಸೇವೆಯು ಯಾತ್ರೆಯಾದೀತೇ ಹೊರತು ನೆರವಾಗದು.

ಈ ವಿಷಯದಲ್ಲಿ ಹಳೆಯ ಅನುಭವವುಂಟು. 1961ರಲ್ಲಿ ಅಧ್ಯಕ್ಷ ಕೆನೆಡಿಯವರು ಪೀಸ್ ಕೋರ್ ಎಂಬ ಸ್ವಯಂಸೇವಕರ ಪಡೆಯನ್ನು ಸ್ಥಾಪಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ನೈಜೀರಿಯದ ಇಬಾದಾನ್ ನಗರದಲ್ಲಿ ತರಬೇತು ಪಡೆಯುತ್ತಿದ್ದ ಒಬ್ಬ ತರುಣಿ, ಅಲ್ಲಿಯ ಹೊಲಸು ಮತ್ತು ಬಡತನವನ್ನು ವರ್ಣಿಸಿ ತನ್ನ ದೇಶದ ಸ್ನೇಹಿತನಿಗೆ ಒಂದು ಕಾರ್ಡು ಬರೆದಳು. ಆ ಕಾರ್ಡು ಅಲ್ಲಿಯ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. ದೊಡ್ಡ ಪ್ರತಿಭಟನೆಯೇ ನಡೆದು ಆಕೆ ಹಿಂದಿರುಗಬೇಕಾಯಿತು. ಆಕೆಯಲ್ಲಿ ಕೆಟ್ಟ ಮನಸ್ಸಿದ್ದಿತೆಂದು ಹೇಳಲಾಗದು. ಆದರೆ ಅತಿಥಿಯ ಕಣ್ಣು ತಮ್ಮನ್ನು ಹೇಗೆ ಕಾಣುತ್ತಿದೆಯೆಂಬುದು ಆತಿಥೇಯರಿಗೆ ತಿಳಿಯುವುದೆಂಬ ಎಚ್ಚರಿಕೆಯು ಕಸುಬಿನ ಪಾಠದಷ್ಟೇ ಮುಖ್ಯವೆಂದು ಆ ಘಟನೆ ತೋರಿಸಿತು.

ಆ ಪಡೆಯವರು 1961ರಿಂದ 1976ರ ವರೆಗೆ ಭಾರತದಲ್ಲಿಯೂ ಕೆಲಸ ಮಾಡಿದರು. ಅಂದಿನ ಮೈಸೂರು ರಾಜ್ಯಕ್ಕೂ ಬಂದರು; ಅವರಿಗೆ ಕನ್ನಡ ಕಲಿಸಲು ಪಾಠಗಳೂ ಸಿದ್ಧವಾದವು. ನೆರವು ಪಡೆದವರ ಸಾಲಿನಲ್ಲಿ ಒಮ್ಮೆ ನಾವೂ ಇದ್ದೆವು ಎಂಬುದನ್ನು ಇಂದು ನೆರವು ಕೊಡಹೊರಟವರು ಮರೆಯಬಾರದು. ಕನ್ನಡದಲ್ಲಿ ಮಾತನಾಡಲು ತೊಡಗಿದವನನ್ನು ಹಳ್ಳಿಯವನು ಕೂರಿಸಿ ಮಾತನಾಡಿಸುವನು. ದುಭಾಷಿಯ ಮೂಲಕ ಬುದ್ಧಿ ಹೇಳುವವನಿಗೆ ತಲೆಯಾಡಿಸಿ ಕಳುಹಿಸುವನು. ಮರಾಠಿ ಕಲಿಯದೆ ಈ ಪ್ರಾಂತದಲ್ಲಿ ಗಿರಾಕಿಯನ್ನು ಉಳಿಸಿಕೊಂಡ ಹೋಟೆಲು ಯಾವುದಿದೆ? ನಮ್ಮ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಆದರೆ ಭಾಷೆ, ನಡತೆ, ಕಸುಬು ಎಲ್ಲವೂ ಬಂದ ಹೊರಗಿನವನು ಕೂಡ ಎರಡು ವರ್ಷಕ್ಕೆ ಹಿಂದಿರುಗುವವನೇ. ಆಮೇಲೇನು? ಈ ಪ್ರಶ್ನೆಗೆ ಉತ್ತರವು ಕುರಕುಂಭಕ್ಕೆ ನೆರೆಯಲ್ಲಿಯೇ ಇದೆ. ನಮ್ಮ ಕಲಬುರಗಿ, ವಿಜಯಪುರಗಳತ್ತ ಹರಿದುಹೋಗುವ ಭೀಮಾ ನದಿಯನ್ನು ದೌಂಡಿನಲ್ಲಿ ದಾಟಿದರೆ, ಹಿಂದೆ ಅಹಮದನಗರವೆಂದಿದ್ದು ಈಗ ಅಹಿಲ್ಯಾನಗರವೆನಿಸಿದ ಜಿಲ್ಲೆ. ಅದರಲ್ಲಿ ಜಾಮಖೇಡ ಎಂಬ ಬರಪೀಡಿತ ತಾಲ್ಲೂಕು. ಡಾಕ್ಟರ್ ರಜನೀಕಾಂತ ಆರೋಳೆ ಮತ್ತು ಅವರ ಪತ್ನಿ ಡಾಕ್ಟರ್ ಮೇಬೆಲ್ ಆರೋಳೆಯವರು 1970ರಲ್ಲಿ ಅಲ್ಲಿ ಆರೋಗ್ಯ ಯೋಜನೆಯೊಂದನ್ನು ಆರಂಭಿಸಿದರು. ಮೊದಲು ತರಬೇತಾದ ದಾದಿಯರನ್ನು ಹಳ್ಳಿಗಳಿಗೆ ಕಳುಹಿಸಿದರು. ಹೊರಗಿನಿಂದ ಬಂದ ಆ ದಾದಿಯರು ಹಳ್ಳಿಯಲ್ಲಿ ಬೇರು ಬಿಡಲಿಲ್ಲ. ಆಗ ಆಯಾ ಹಳ್ಳಿಯ ಹೆಂಗಸರನ್ನೇ ಆರಿಸಿ ಕಲಿಸತೊಡಗಿದರು. ಅವರಲ್ಲಿ ಅನೇಕರಿಗೆ ಅಕ್ಷರ ಬಾರದು. ಹಲವರು ದಲಿತ ಕುಟುಂಬದವರು. ವಾರವಾರವೂ ಜಾಮಖೇಡಕ್ಕೆ ಬಂದು ಸ್ವಲ್ಪ ಕಲಿತು, ಊರಿಗೆ ಹೋಗಿ ಅದನ್ನು ಮಾಡಿ ನೋಡಿ, ಮರುವಾರ ಮತ್ತೆ ಬಂದು ಸಂಶಯ ತೀರಿಸಿಕೊಳ್ಳುವುದೇ ಅವರ ಪಾಠಶಾಲೆಯಾಯಿತು. ಹೆರಿಗೆ ಮಾಡಿಸುವುದು, ಮಗುವನ್ನು ತೂಗುವುದು, ಭೇದಿಗೆ ಉಪ್ಪು ಸಕ್ಕರೆಯ ನೀರು ಕುಡಿಸುವುದು, ಕುಷ್ಠ ಮತ್ತು ಕ್ಷಯರೋಗಿಗಳ ಬೆನ್ನುಹತ್ತಿ ಔಷಧ ಕೊಡುವುದು ಎಲ್ಲವನ್ನೂ ಅವರು ಕಲಿತರು. 1971ರಲ್ಲಿ ಆ ಹಳ್ಳಿಗಳಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 176 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 1990ರ ದಶಕದಲ್ಲಿ ಆ ಸಂಖ್ಯೆ 30ಕ್ಕಿಂತ ಕೆಳಗಿಳಿಯಿತು. ಆರೋಳೆ ದಂಪತಿಗಳಿಗೆ 1979ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಮುಂದೆ ಅಲ್ಲಿಯೇ ತರಬೇತು ಕೇಂದ್ರವೊಂದು ಬೆಳೆದು, ಆಫ್ರಿಕದಿಂದಲೂ ಕಾರ್ಯಕರ್ತರು ಬಂದು ಈ ಹೆಂಗಸರಿಂದ ಪಾಠ ಕಲಿತರು.

ಭಾರತ ಸರಕಾರವು 1964ರ ಸೆಪ್ಟೆಂಬರ್ 15ರಂದು ಆರಂಭಿಸಿದ ತಾಂತ್ರಿಕ ಮತ್ತು ಆರ್ಥಿಕ ಸಹಕಾರ ಯೋಜನೆಯ ಹಾದಿಯೂ ಬಹುಮಟ್ಟಿಗೆ ಇದೇ. ನಮ್ಮ ತಜ್ಞರನ್ನು ಹೊರಗೆ ಕಳುಹಿಸುವುದರ ಜೊತೆಗೆ, ಅಲ್ಲಿಯವರನ್ನು ಕರೆತಂದು ಕಲಿಸಿ ಕಳುಹಿಸುವುದು. ರಾಜಸ್ಥಾನದ ತಿಲೋನಿಯಾದಲ್ಲಿ 1972ರಿಂದ ನಡೆದುಬಂದ ಬೇರ್‌ಫೂಟ್ ಕಾಲೇಜಿಗೆ 2008ರಿಂದ ಈ ಯೋಜನೆಯ ನೆರವು ದೊರೆತು, ಆಫ್ರಿಕದ ಹಳ್ಳಿಗಳ ನಡುವಯಸ್ಸಿನ ಹೆಂಗಸರು ಅಲ್ಲಿಗೆ ಬಂದರು. ಓದುಬರಹ ಬಾರದ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಆ ಅಜ್ಜಿಯರು ಆರು ತಿಂಗಳಲ್ಲಿ ಬಣ್ಣ ಮತ್ತು ಸಂಜ್ಞೆಗಳ ಸಹಾಯದಿಂದ ಸೌರದೀಪವನ್ನು ಜೋಡಿಸಲೂ ರಿಪೇರಿ ಮಾಡಲೂ ಕಲಿತು ಊರಿಗೆ ಮರಳಿದರು.

ಆಫ್ರಿಕವು ತಾನೇ ನಡೆಸಿದ ಪ್ರಯೋಗ ಇನ್ನೂ ದೊಡ್ಡದು. ಇಥಿಯೋಪಿಯವು 2003ರಲ್ಲಿ ಹಳ್ಳಿಗಾಡಿನ ಆರೋಗ್ಯ ಯೋಜನೆಯನ್ನು ಹೂಡಿತು. ಅದು ಆರಿಸಿಕೊಂಡದ್ದು ಹತ್ತನೆಯ ತರಗತಿ ಮುಗಿಸಿದ, ಅದೇ ಊರಿನ ತರುಣಿಯರನ್ನು. ನಮ್ಮ ಲೆಕ್ಕದಲ್ಲಿ ಎಸ್.ಎಸ್.ಎಲ್.ಸಿ. ಆದವರು! ಅವರಿಗೆ ಒಂದು ವರ್ಷದ ತರಬೇತು ಕೊಟ್ಟು, ಸರಕಾರಿ ಸಂಬಳ ನಿಗದಿಪಡಿಸಿ, ಊರಿಗೊಂದು ಆರೋಗ್ಯ ಠಾಣೆಗೆ ಇಬ್ಬರಂತೆ 30,000ಕ್ಕೂ ಹೆಚ್ಚು ಮಂದಿಯನ್ನು ನೇಮಿಸಿತು. ಐದು ವರ್ಷದೊಳಗಿನ ಮಕ್ಕಳ ಸಾವನ್ನು ಆ ದೇಶವು 1990ರ ಮಟ್ಟದಿಂದ ಮೂರರಲ್ಲಿ ಎರಡು ಪಾಲು ಇಳಿಸಿತೆಂದು 2013ರಲ್ಲಿ ಯುನಿಸೆಫ್ ಪ್ರಕಟಿಸಿತು. ಇದರ ಯಶಸ್ಸೆಲ್ಲವೂ ಆ ತರುಣಿಯರದೇ ಎನ್ನಲಾಗದಿದ್ದರೂ, ಅವರಿಲ್ಲದೆ ಅದು ಸಾಧ್ಯವಾಗುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ದಕ್ಷಿಣ ಆಫ್ರಿಕದಲ್ಲಿ ಕೆಲಸ ಕಳೆದುಕೊಂಡವರೂ ಅಲ್ಲಿಯವರೇ, ತರಬೇತಾದವರೇ ಅಲ್ಲವೆ? ನಿಜ. ಆದುದರಿಂದಲೇ ವಿದ್ಯೆಯೊಂದೇ ಸಾಲದು, ಅನ್ನವೂ ಬೇಕು ಎನ್ನಬೇಕಾಗಿದೆ. ಅವರ ಸಂಬಳವು ಪರದೇಶದ ಒಂದು ಆಜ್ಞೆಯ ದಾರಕ್ಕೆ ಕಟ್ಟಲ್ಪಟ್ಟಿದ್ದಿತು. ಇಥಿಯೋಪಿಯದ ತರುಣಿ ತನ್ನ ಸರಕಾರದ ನೌಕರಳು. ಆ ದೇಶಕ್ಕೂ ಪರದೇಶದ ಹಣದ ಕೊರತೆ ತಟ್ಟದಿರದು. ಆದರೆ ದಾನಿಯು ಕೈಯೆತ್ತಿದ ದಿನವೇ ಆಕೆಯ ಹುದ್ದೆ ಇಲ್ಲವಾಗುವುದಿಲ್ಲ. ನೆರವು ನೀಡುವವರು ಕಲಿಸುವಾಗಲೇ ಆ ಸಂಬಳವನ್ನು ನಾಳೆ ಯಾರು ಕೊಡುವರೆಂಬುದನ್ನೂ ಆಯಾ ಸರಕಾರದೊಡನೆ ಗೊತ್ತುಮಾಡಿಕೊಳ್ಳಬೇಕು.

ನಮ್ಮ ತರುಣ ಓದುಗರಿಗೊಂದು ಮಾತು. ಆಫ್ರಿಕದಲ್ಲಿ ಸೇವೆಗೆ ಕಳುಹಿಸುವೆವೆಂದು ಹೇಳಿ ತರುಣರಿಂದಲೇ ದೊಡ್ಡ ಶುಲ್ಕ ಪಡೆಯುವ ಸಂಸ್ಥೆಗಳು ಜಗತ್ತಿನಲ್ಲಿವೆ. ಕೆಲವೇ ವಾರ ಶಾಲೆಯಲ್ಲೋ ಅನಾಥಾಲಯದಲ್ಲೋ ಇದ್ದು ಬರುವುದರಿಂದ ಹೋದವನಿಗೆ ಅನುಭವವಾದೀತು, ಮಕ್ಕಳಿಗೆ ಇನ್ನೊಂದು ಅಗಲಿಕೆಯಾದೀತು. ಹಣ ಕೊಡುವ ಮುನ್ನ ಕೇಳಿರಿ: ನನ್ನನ್ನು ಕರೆದವರು ಯಾರು? ನಾನು ಮಾಡುವ ಕೆಲಸವನ್ನು ಮಾಡಬಲ್ಲವರು ಅಲ್ಲಿಲ್ಲವೆ? ಯಾವ ಭಾಷೆಯನ್ನು ಎಷ್ಟು ತಿಂಗಳು ಕಲಿಸುವಿರಿ? ನಾನು ಬಂದ ಮೇಲೆ ಆ ಕೆಲಸ ಯಾರ ಕೈಯಲ್ಲಿ ಉಳಿಯುವುದು? ಉತ್ತರ ತೊದಲಿದರೆ ಹಣವನ್ನು ಜೇಬಿನಲ್ಲಿಯೇ ಇಡುವುದು ಕ್ಷೇಮ. 1970ರಲ್ಲಿ ಸ್ಥಾಪಿತವಾದ ವಿಶ್ವಸಂಸ್ಥೆಯ ಸ್ವಯಂಸೇವಕ ಸಂಘಟನೆಯು ವಿದ್ಯಾರ್ಹತೆಯನ್ನೂ ಅನುಭವವನ್ನೂ ಕೇಳುವುದು. ಶುಲ್ಕವನ್ನು ಮಾತ್ರ ಕೇಳುವುದಿಲ್ಲ, ತಾನೇ ಜೀವನಭತ್ಯೆ ಕೊಡುವುದು.

ಹೋಟೆಲು ಕಸುಬಿನಲ್ಲಿ ಒಂದು ಬಗೆಯ ಅಡಿಗೆಯವನನ್ನು ನಾವೆಲ್ಲರೂ ಬಲ್ಲೆವು. ಮಸಾಲೆಯ ಪ್ರಮಾಣವನ್ನು ಯಾರಿಗೂ ಹೇಳನು. ಅವನು ಊರಿಗೆ ಹೋದ ತಿಂಗಳು ಹೋಟೆಲಿನ ರುಚಿ ಕೆಡುವುದು, ಗಿರಾಕಿ ಚದುರುವುದು. ಇನ್ನೊಬ್ಬನು ಲೋಟ ತೊಳೆಯುವ ಹುಡುಗನನ್ನೂ ಒಲೆಯ ಬಳಿಗೆ ಕರೆದು ಕಲಿಸುವನು. ಹಗಲು ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದ ಹುಡುಗರೇ ಮುಂಬಯಿಯಲ್ಲಿ ಗುಮಾಸ್ತರೂ ಮಾಲಿಕರೂ ಆದರಷ್ಟೆ. ಆಫ್ರಿಕಕ್ಕೆ ಹೋಗುವ ಸ್ವಯಂಸೇವಕನು ಈ ಎರಡನೆಯ ಜಾತಿಯ ಅಡಿಗೆಯವನಾಗಿರಬೇಕು. ರೋಗಿಗೆ ಗುಳಿಗೆ ಕೊಡುವ ವಿದ್ಯೆಗಿಂತ, ಗುಳಿಗೆ ಕೊಡುವವಳನ್ನು ಸಿದ್ಧಗೊಳಿಸುವ ವಿದ್ಯೆಯನ್ನು ಅವನಿಗೆ ಮೊದಲು ಕಲಿಸಬೇಕು.

ಭಾರತವು ಔಷಧವನ್ನು ಅಗ್ಗವಾಗಿ ಮಾಡಿ ಒಂದು ದೊಡ್ಡ ಕೆಲಸವನ್ನು ಮಾಡಿದೆ. ಈಗ ಮಾಡಬೇಕಾದುದು ಅದರ ಉಳಿದರ್ಧ. ಔಷಧದ ಪೆಟ್ಟಿಗೆ ಹೋಗುವ ದೇಶಗಳಿಂದ ಹಳ್ಳಿಯ ಕಾರ್ಯಕರ್ತೆಯರನ್ನು ಇನ್ನೂ ಹೆಚ್ಚಿನ ಸಂಖ್ಯೆಯಲ್ಲಿ ಕರೆಯಿಸಿ, ಜಾಮಖೇಡದಂಥ ಸ್ಥಳಗಳಲ್ಲಿ ತಿಂಗಳುಗಟ್ಟಲೆ ಇರಿಸಿಕೊಂಡು ಕಲಿಸಿ ಕಳುಹಿಸಲಿ. ಅದಕ್ಕೆ ತಗಲುವ ವೆಚ್ಚವು ಒಂದು ದೊಡ್ಡ ಶೃಂಗಸಮ್ಮೇಳನದ ವೆಚ್ಚಕ್ಕಿಂತ ಭಾರವಾಗಲಾರದೆಂದು ನಮ್ಮ ಎಣಿಕೆ. ಹಾಗೆ ಬಂದವರು ಹಾದಿಯಲ್ಲಿ ಕುರಕುಂಭದ ಯಾವುದಾದರೊಂದು ಹೋಟೆಲಿನಲ್ಲಿ ಇಳಿದರೆ, ಅವರಿಗೆ ಬಿಸಿ ಇಡ್ಲಿ ಬಡಿಸುವ ಕೈಗಳು ನಮ್ಮವರವಾಗಿರಲಿ.